ಶಾಲು ಹೊದಿಸಿ ಹನ್ನೆರಡು ತಾಸು

ಪುಣೆಯಲ್ಲಿ ಫ್ಲೆಕ್ಸ್ ಕಟ್ಟಲು ತಿಥಿ-ನಕ್ಷತ್ರ ಬೇಕಿಲ್ಲ. ಈ ಸಲ ನಮ್ಮ ಆಮದಾರ (ಶಾಸಕ) ಸಾಹೇಬರ ಹುಟ್ಟುಹಬ್ಬಕ್ಕೆ ಖಡ್ಕಿಯಿಂದ ಭೋಸರಿವರೆಗೆ ಕಟ್ಟಿದವುಗಳಲ್ಲಿ ಎರಡು ಬಿರುದು ಎದ್ದು ಕಾಣುತ್ತಿವೆ: 'ಮಾಜಿ ಸೈನಿಕರ ಆಧಾರಸ್ತಂಭ', 'ಕಾರ್ಮಿಕರ ಕಣ್ಮಣಿ'. ಎರಡೂ ಒಬ್ಬನೇ ಮನುಷ್ಯನ ತಲೆಯ ಮೇಲೆ ಬಂದು ಕೂಡುತ್ತವೆ ಎಂಬುದು ಬರೆಸಿದವರಿಗೆ ಹೊಳೆದಂತಿಲ್ಲ. ಮರಾಠಾ ಲೈಟ್ ಇನ್ಫಂಟ್ರಿಯಿಂದ ಹವಾಲ್ದಾರನಾಗಿ ಪೆನ್ಶನ್ ಬಂದ ಗೋಕಾಕ, ಅಥಣಿ ಕಡೆಯ ಗಂಡಸು ಪುಣೆಯಲ್ಲಿ ಏನು ಮಾಡುತ್ತಾನೆ? ಸೊಸೈಟಿ ಗೇಟಿನಲ್ಲಿ ನಿಂತು ಸೀಟಿ ಊದುತ್ತಾನೆ. ಆಗಸ್ಟ್ 15ಕ್ಕೆ ಸೈನಿಕ, 16ಕ್ಕೆ ವಾಚ್‌ಮನ್.

ಮೊದಲು ಆಧಾರಸ್ತಂಭದ ವಿಚಾರ. ಮಾಜಿ ಸೈನಿಕರ ಚಿಕಿತ್ಸೆ ನೋಡುವುದು ಇಸಿಎಚ್‌ಎಸ್. 2003ರ ಏಪ್ರಿಲ್ 1ರಿಂದ ನಡೆದಿರುವ, ಕೇಂದ್ರ ರಕ್ಷಣಾ ಸಚಿವಾಲಯದ ಯೋಜನೆ. ಹವಾಲ್ದಾರನವರೆಗಿನವರು ಒಂದೇ ಸಲ 30,000 ರೂಪಾಯಿ ಕಟ್ಟಿದರೆ ಜನರಲ್ ವಾರ್ಡು. ಸುಬೇದಾರರು 67,000ಕ್ಕೆ ಸೆಮಿ ಪ್ರೈವೇಟು. ಇದರಲ್ಲಿ ವಿಧಾನಸಭೆಯ ಸದಸ್ಯರೊಬ್ಬರ ಕೊಡುಗೆ ಏನೆಂದು ಹುಡುಕಿದರೆ ಸಿಗುವುದು ಈ ಯೋಜನೆಯ ದವಾಖಾನೆ, ಅಂದರೆ ಪಾಲಿಕ್ಲಿನಿಕ್ಕಿನ ಎದುರಿನ ಕಂಬಕ್ಕೆ ಬಿಗಿದ ಫ್ಲೆಕ್ಸು. ಅದೂ ಸಣ್ಣ ಸೇವೆಯಲ್ಲ ಬಿಡಿ, ಸರದಿಯಲ್ಲಿ ನಿಂತ ಮುದುಕರಿಗೆ ನೆರಳಾಗುತ್ತದೆ. ಆಮೇಲೆ ಒಳಗೆ ಹೋದರೆ ಸಕ್ಕರೆ ಕಾಯಿಲೆಯ ಮಾತ್ರೆ ಇದೆ, ಬಿಪಿಯದು ಇಲ್ಲ. 'ಎನ್‌ಎ' (ಲಭ್ಯವಿಲ್ಲ) ಎಂದು ಬರೆಸಿಕೊಳ್ಳಬೇಕು, ಗೊತ್ತುಮಾಡಿದ ಔಷಧಿ ಅಂಗಡಿಯಿಂದ ಬರುವ ತನಕ ಕಾಯಬೇಕು. ಅಲ್ಲೂ ಸಿಗದಿದ್ದರೆ ಕೈಯಿಂದ ಕೊಂಡು ಬಿಲ್ಲು ಹಾಕಬೇಕು. ರೆಫರಲ್ ಹಿಡಿದು ದೊಡ್ಡಾಸ್ಪತ್ರೆಗೆ ಹೋದರೆ ಕಾರ್ಡು ಕಂಡ ಕೂಡಲೇ ಬೆಡ್ಡುಗಳೆಲ್ಲ ಭರ್ತಿ. ಆಸ್ಪತ್ರೆಯ ಬಾಕಿ ಬಿಲ್ಲು ಎಲ್ಲೋ ತಡೆದು ನಿಂತಿರುತ್ತದೆ, ಅದರ ಬಿಸಿ ತಟ್ಟುವುದು ಸ್ಟ್ರೆಚರ್ ಮೇಲಿದ್ದವನಿಗೆ.

ಸನ್ಮಾನಕ್ಕೆ ಮಾತ್ರ ಯಾವ ಬಾಕಿಯೂ ಇಲ್ಲ. ಶಾಲು, ತೆಂಗಿನಕಾಯಿ, ಅಶೋಕ ಸ್ತಂಭ ಮುದ್ರಿಸಿದ ಅಕ್ರಿಲಿಕ್ ಫಲಕ. ಶಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಉಣ್ಣೆಯದಲ್ಲ, ಪಾಲಿಯೆಸ್ಟರು. ಹೊದಿಸಿದರೆ ನಿಲ್ಲುವುದಿಲ್ಲ, ಭುಜದಿಂದ ಜಾರುತ್ತದೆ. ಅದಕ್ಕೇ ಫೋಟೋದಲ್ಲಿ ಸನ್ಮಾನಿತರ ಒಂದು ಕೈ ಯಾವಾಗಲೂ ಎದೆಯ ಮೇಲೆ. ನೋಡಿದವರು ಅದನ್ನು ದೇಶಭಕ್ತಿ ಅಂದುಕೊಳ್ಳುತ್ತಾರೆ. ಇನ್ನೊಂದು ಕೈಯಲ್ಲಿ ಕಾಯಿ, ಫಲಕ ಎರಡನ್ನೂ ಹಿಡಿಯಬೇಕಾದ್ದರಿಂದ ಸಾಹೇಬರ ಕೈ ಕುಲುಕಲು ಮೂರನೆಯ ಕೈ ಬೇಕು. ಅಷ್ಟರಲ್ಲಿ ಕಾರ್ಯಕರ್ತನೊಬ್ಬ ಕಿವಿಯಲ್ಲಿ, "ಲಗೂ ಇಳೀರಿ ಕಾಕಾ, ಇನ್ನೂ ನಲವತ್ತು ಮಂದಿ ಅದಾರ."

ಇನ್ನು ಕಾರ್ಮಿಕರ ಕಣ್ಮಣಿ. 2025ರ ಸೆಪ್ಟೆಂಬರ್ 3ರಂದು ಮಹಾರಾಷ್ಟ್ರದ ಸಂಪುಟ ದುಡಿಮೆಯ ತಾಸು ಹಿಗ್ಗಿಸಲು ಒಪ್ಪಿತು. ಕಾರ್ಖಾನೆಯಲ್ಲಿ ದಿನಕ್ಕೆ 9 ಇದ್ದದ್ದು 12, ಅಂಗಡಿ ಮತ್ತಿತರ ಸಂಸ್ಥೆಗಳಲ್ಲಿ 9 ಇದ್ದದ್ದು 10. ಮೂರು ತಿಂಗಳ ಓವರ್‌ಟೈಮ್ ಮಿತಿ ಎರಡು ಕಡೆಯೂ 144 ತಾಸು. ವಾರಕ್ಕೆ 48 ಎಂಬುದು ಹಾಗೇ ಇದೆ, ಓವರ್‌ಟೈಮಿಗೆ ದುಪ್ಪಟ್ಟು ಸಂಬಳ, ಜೊತೆಗೆ ಕಾರ್ಮಿಕನ ಲಿಖಿತ ಒಪ್ಪಿಗೆ. ಸಾಹೇಬರು ಸ್ವಾಗತಿಸಿ ಹೇಳಿಕೆ ಕೊಟ್ಟರು. ಗೇಟಿನಲ್ಲಿರುವವನಿಗೆ ನಗು ಬಂದಿರಬೇಕು. ಅವನ ಪಾಳಿ ಮೊದಲಿನಿಂದಲೂ ಹನ್ನೆರಡೇ.

ಲೆಕ್ಕ ಹಾಕಿ. ಹನ್ನೆರಡು ತಾಸಿನಂತೆ ಆರು ದಿನ, 72. ಅದರಲ್ಲಿ 48 ಕಳೆದರೆ ವಾರಕ್ಕೆ 24 ಓವರ್‌ಟೈಮು. ಹದಿಮೂರು ವಾರಕ್ಕೆ 312. ಇಷ್ಟು ಧಾರಾಳವಾಗಿ ಸಡಿಲಿಸಿದ ಮಿತಿಯನ್ನೂ ನಮ್ಮ ಗೇಟು 168 ತಾಸು ಮೀರಿದೆ! ಮುಂದಿನ ಪಾಳಿಯ ರಿಲೀವರ್ ಬಾರದೆ ಡಬಲ್ ಡ್ಯೂಟಿ ಬಿದ್ದ ದಿನಗಳನ್ನು ಸೇರಿಸಿಲ್ಲ. ದುಪ್ಪಟ್ಟು ಸಂಬಳವೇ? ಪಗಾರ ಚೀಟಿಯಲ್ಲಿ 26 ದಿನ, ಎಂಟೆಂಟು ತಾಸು. ಉಳಿದದ್ದು 'ಇತರೆ ಭತ್ಯೆ'. ಒಪ್ಪಿಗೆಯೇ? ಸೇರುವ ದಿನ ಆಧಾರ್ ಝೆರಾಕ್ಸ್, ಪಿಎಫ್ ಫಾರ್ಮುಗಳ ನಡುವೆ ಅದೂ ಒಂದಿರುತ್ತದೆ, ಅದರ ಕೆಳಗೆ ತಾರೀಕಿಲ್ಲದ ರಾಜೀನಾಮೆ. "ಎಲ್ಲಾ ಕಡೆ ಸಹಿ ಮಾಡ್ರಿ ಹವಾಲ್ದಾರ್ ಸಾಹೇಬ್ರ, ಓದೂದು ಆಮ್ಯಾಲ."

ಅಂಗಡಿ-ಸಂಸ್ಥೆಗಳ ಕಾಯ್ದೆ ಮೊದಲು ಹತ್ತು ಮಂದಿಯಿದ್ದಲ್ಲಿ ಅನ್ವಯಿಸುತ್ತಿತ್ತು, ಈಗ ಇಪ್ಪತ್ತು. ವಾಚ್‌ಮನ್‌ಗಳನ್ನು ಒದಗಿಸುವ ಏಜೆನ್ಸಿ ಮಾಲೀಕರಿಗೆ ಹತ್ತೊಂಬತ್ತರ ಮಗ್ಗಿ ಬಾಯಿಪಾಠ: ಹೆಂಡತಿಯ ಹೆಸರಲ್ಲೊಂದು ಸಂಸ್ಥೆ, ಭಾವನ ಹೆಸರಲ್ಲೊಂದು, ಒಂದೊಂದರಲ್ಲೂ ಹತ್ತೊಂಬತ್ತೇ ಮಂದಿ.

ಬೇಸರವಾಗುತ್ತದೆ. ಇಪ್ಪತ್ತು ವರ್ಷ ಗಡಿಯಲ್ಲಿ ನಿಂತವನನ್ನು ಮತ್ತೆ ಹನ್ನೆರಡು ತಾಸು ನಿಲ್ಲಿಸಿ, ಪಾಲಿಕ್ಲಿನಿಕ್ಕಿಗೆ ಹೋದ ದಿನದ ಪಗಾರ ಮುರಿದು, ವರ್ಷಕ್ಕೊಮ್ಮೆ ಕರೆದು ಶಾಲು ಹೊದಿಸುವುದು ನಾಚಿಕೆಗೇಡು. ಇದಕ್ಕೆ ಹೊಸ ಕಾನೂನೇನೂ ಬೇಡ, ಇದ್ದದ್ದನ್ನು ನಡೆಸಿದರೆ ಸಾಕು.

ಸಾಹೇಬರಿಗೆ ಕೆಲಸ ಮಾಡುವ ಮನಸ್ಸಿದ್ದರೆ ಯಾವುದಾದರೂ ಗೇಟಿನಲ್ಲಿ ಕಾರು ನಿಲ್ಲಿಸಿ ಹಾಜರಿ ಕೇಳಲಿ. ಎರಡಿರುತ್ತವೆ. ಚೌಕಿಯ ಮೇಜಿನ ಮೇಲಿರುವುದು ಮೂರು ಪಾಳಿಯದು, ಎಂಟೆಂಟು ತಾಸು, ಇಡೀ ತಿಂಗಳಿನದನ್ನು ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ತುಂಬಿದ್ದು. ಇನ್ನೊಂದು ಸೂಪರ್‌ವೈಸರನ ವಾಟ್ಸಾಪ್ ಗ್ರೂಪಿನಲ್ಲಿದೆ: ಬೆಳಿಗ್ಗೆ ಎಂಟಕ್ಕೆ ಸಮವಸ್ತ್ರದಲ್ಲಿ ಒಂದು ಸೆಲ್ಫಿ, ರಾತ್ರಿ ಎಂಟಕ್ಕೆ ಅದೇ ಮುಖದ ಇನ್ನೊಂದು.