ಕವಿಯ ಹೆಸರೊಂದೇ ದಾರಿ ಉಳಿಸಲ್ಲ

ನಾನಿರುವುದು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ. ಹತ್ತಿರದಲ್ಲೇ ಹೆಲ್ಪ್‌ಸ್ಟನ್ ಅಂತ ಒಂದು ಹಳ್ಳಿ. ಕೂಲಿಕಾರನ ಮಗನಾಗಿ ಹುಟ್ಟಿ ದೊಡ್ಡ ಕವಿಯಾದ ಜಾನ್ ಕ್ಲೇರ್‌ನ ಊರು ಅದು. 1809ರಲ್ಲಿ ಅಲ್ಲಿನ ಗೋಮಾಳ, ಬಯಲುಗಳನ್ನು ಪಾಲು ಮಾಡಿ ಬೇಲಿ ಹಾಕಲು ಕಾಯ್ದೆ ಬಂತು. ಊರವರು ಓಡಾಡುತ್ತಿದ್ದ ಕಾಲುದಾರಿಗಳು ಮುಚ್ಚಿದವು. ಇಲ್ಲಿ ದಾರಿಯಿಲ್ಲ ಅನ್ನುವ ಹಲಗೆ ಕಂಡು ಕ್ಲೇರ್‌ಗೆ ಆದ ಸಂಕಟ ಅವನ ಪದ್ಯದಲ್ಲಿ ಇವತ್ತಿಗೂ ಇದೆ.

ಆದರೆ ಬಯಲು ಹಂಚಿದ ಅಧಿಕಾರಿಗಳು ಯಾವ ದಾರಿ ಸಾರ್ವಜನಿಕರಿಗೆ ಉಳಿಯಬೇಕು ಅಂತಲೂ ಬರೆದಿಟ್ಟಿದ್ದರು. ಆಗಿನ ಇಂಥ ಹಂಚಿಕೆ ಪತ್ರಗಳೇ ಇಂದು ಇಂಗ್ಲೆಂಡಿನಲ್ಲಿ ದಾರಿ ಉಳಿಸುವವರ ಕೈಯಲ್ಲಿರುವ ಗಟ್ಟಿ ದಾಖಲೆ. 1949ರ ಕಾಯ್ದೆಯ ಪ್ರಕಾರ ಕೌಂಟಿ ಕೌನ್ಸಿಲ್‌ಗಳು, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥ ಸ್ಥಳೀಯ ಆಡಳಿತಗಳು, ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಿದವು. ಎಷ್ಟೋ ದಾರಿಗಳು ಅದರಲ್ಲಿ ಬಿಟ್ಟುಹೋದವು. 2020ರಲ್ಲಿ ಕಾಲ್ನಡಿಗೆಯವರ ಸಂಸ್ಥೆಯಾದ ರಾಂಬ್ಲರ್ಸ್‌ನ ಸ್ವಯಂಸೇವಕರು ಹಳೆಯ ನಕ್ಷೆಗಳನ್ನು ಹೊಸದರ ಪಕ್ಕ ಇಟ್ಟು ನೋಡಿದಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ಬಿಟ್ಟುಹೋಗಿರಬಹುದಾದ ದಾರಿ 49,000 ಮೈಲಿಗೂ ಜಾಸ್ತಿ ಸಿಕ್ಕಿತು.

ಬಿಟ್ಟುಹೋದದ್ದನ್ನು ಸೇರಿಸಿ ಅಂತ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಳೆಯ ದಾಖಲೆ ಇಲ್ಲದಿದ್ದರೆ ನಡೆದವರ ಮಾತೇ ಸಾಕ್ಷಿ. ಯಾರ ಅಪ್ಪಣೆಯನ್ನೂ ಕೇಳದೆ, ಕದ್ದುಮುಚ್ಚಿ ಅಲ್ಲದೆ, ಜನ 20 ವರ್ಷ ತಡೆಯಿಲ್ಲದೆ ನಡೆದಿದ್ದರೆ ಸಾಮಾನ್ಯವಾಗಿ ಹಕ್ಕು ಹುಟ್ಟುತ್ತದೆ. ಸಾಕ್ಷಿ ಹೇಳುವವರಿಗೆ ಒಂದು ಫಾರಂ ಇದೆ. ಯಾವ ವರ್ಷದಿಂದ ನಡೆದಿರಿ? ವಾರಕ್ಕೆ ಎಷ್ಟು ಸಲ? ಗೇಟಿಗೆ ಬೀಗ ಇತ್ತಾ? ಯಾರಾದರೂ ತಡೆದರಾ? ನಕ್ಷೆಯ ಮೇಲೆ ನೀವೇ ಗೆರೆ ಎಳೆದು ಸಹಿ ಹಾಕಬೇಕು. ಪಕ್ಕದ ಮನೆಯ ಅಜ್ಜಿಯೊಬ್ಬರು ಇದನ್ನು ತುಂಬುವುದನ್ನು ನೋಡಿದ್ದೇನೆ. ಚಿಕ್ಕಂದಿನಲ್ಲಿ ಹತ್ತಿ ಇಳಿದ ಬೇಲಿಯ ಮೆಟ್ಟಿಲು ಎಲ್ಲಿತ್ತು ಅನ್ನುವುದನ್ನೂ ಬಿಡದೆ ಬರೆದರು. ಆ ದಾರಿಯಲ್ಲಿ ಯಾವ ಕವಿ ನಡೆದಿದ್ದ ಅಂತ ಫಾರಂ ಕೇಳುವುದಿಲ್ಲ. ಕವಿಯ ಹೆಸರಿಂದ ಜನ ಸೇರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಹಕ್ಕು ನಿಲ್ಲುವುದು ಇಂಥ ಸಾಕ್ಷಿಯಿಂದ. ತೀರ್ಪಿಗೆ ವರ್ಷಗಟ್ಟಲೆ ಕಾಯಬೇಕು, ಅದು ಬೇರೆ ಮಾತು.

ನಮ್ಮ ಕಡೆ ಕವಿಯ ಮೇಲಿನ ಪ್ರೀತಿಗೆ ಏನೂ ಕಡಿಮೆಯಿಲ್ಲ. ಮೈಸೂರಿಗೆ ಹೋದರೆ ಕುವೆಂಪು ನಡೆದಾಡಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾವೂ ಒಂದು ಸುತ್ತು ಹಾಕುತ್ತೇವೆ. ಆದರೆ ಸಾಹಿತಿಯ ನೆನಪು ಅಂದ ಕೂಡಲೇ ನಾವು ಕೇಳುವುದು ಪ್ರತಿಮೆ, ಭವನ, ರಸ್ತೆಗೊಂದು ಹೆಸರು. ಅವರು ಶಾಲೆಗೆ, ತೋಟಕ್ಕೆ, ಹೊಳೆಗೆ ನಡೆದ ಕಾಲುದಾರಿ ಬೇಲಿಯೊಳಗೆ ಸೇರಿಕೊಂಡರೆ ಯಾರೂ ತಕರಾರು ಎತ್ತುವುದಿಲ್ಲ. ಇದು ನನಗೆ ತುಂಬಾ ನೋವಿನ ಸಂಗತಿ. ಯಾಕೆಂದರೆ ದಾಖಲೆ ನಮ್ಮಲ್ಲೂ ಇದೆ. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳ ಚುಕ್ಕೆ ಗೆರೆ ಇದೆ. ಸಾರ್ವಜನಿಕ ದಾರಿಗೆಂದು ಬಿಟ್ಟ ಜಾಗವನ್ನು ಕಂದಾಯ ದಾಖಲೆ ‘ಬ’ ಖರಾಬು ಅಂತ ಗುರುತಿಸುತ್ತದೆ. ಜಮೀನಿನ ಜಗಳ ಬಂದಾಗ ಮಾತ್ರ ನಾವು ಅದನ್ನು ಬಿಚ್ಚಿ ನೋಡುತ್ತೇವೆ, ಅಲ್ವಾ?

ನಮ್ಮ ಸಾಹಿತ್ಯ ಸಂಘಗಳು ಈ ಕೆಲಸ ಹಿಡಿಯಲಿ ಅಂತ ನನ್ನಾಸೆ. ಸಾಹಿತಿಯ ಊರಿನ ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಆ ದಾರಿಯಲ್ಲಿ ನಡೆದ ಹಿರಿಯರನ್ನು ಕೂರಿಸಿಕೊಂಡು ಎಲ್ಲಿ ತಿರುವು, ಎಲ್ಲಿ ಸಂಕ, ಯಾವಾಗ ಬೇಲಿ ಹಾಕಿದರು ಅಂತ ಬರೆಸಿಕೊಂಡು ಸಹಿ ಹಾಕಿಸಿ. ಆಮೇಲೆ ಎರಡನ್ನೂ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗಿ.