ಹದ್ದುಬಸ್ತು

ಕಳೆದ ಮಾಗಿಯಲ್ಲಿ ಸರ್ವೆಯವರು ಬಂದು ನಮ್ಮ ಜಾಗಕ್ಕೆ ಹದ್ದುಬಸ್ತು ಮಾಡಿಕೊಟ್ಟು ಹೋದರು. ಅಕ್ಕಪಕ್ಕದ ಜಮೀನಿನವರಿಗೆಲ್ಲ ಮೊದಲೇ ನೋಟಿಸು ಹೋಗಿತ್ತು. ಎಲ್ಲರೂ ಬಂದರು, ಅಳತೆ ನೋಡಿದರು, ಸಹಿ ಹಾಕಿದರು, ಮಜ್ಜಿಗೆ ಕುಡಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನಿಂತವು. ಇನ್ನು ಯಾರೂ ಒಂದು ಗೇಣು ಒಳಗೆ ಬರುವ ಹಾಗಿಲ್ಲ ಅಂತ ನಾನು ಅಂಗಳದಲ್ಲಿ ಎದೆ ಸೆಟೆಸಿ ನಿಂತಿದ್ದೆ. ಅವರ ಜೀಪು ತಿರುವು ದಾಟಿತ್ತೋ ಇಲ್ಲವೋ, ನೆರಳೊಂದು ಸರಕ್ಕನೆ ಹಾದುಹೋಯಿತು. ಹಾಗಲ ಚಪ್ಪರದ ಪಕ್ಕ ಕೆದಕುತ್ತಿದ್ದ ಹನ್ನೊಂದು ಕೋಳಿಮರಿಗಳಲ್ಲಿ ಒಂದು ಕಮ್ಮಿಯಾಯಿತು.

ಹದ್ದಿಗೆ ಯಾರೂ ನೋಟಿಸು ಕೊಟ್ಟಿರಲಿಲ್ಲ.

ಕನ್ನಡದಲ್ಲಿ ಈ ಎರಡು ಹದ್ದುಗಳು ಹೇಗೆ ಜೊತೆಯಾದವೋ ಅಂತ ಆಮೇಲೆ ನಗು ಬಂತು. ಗಡಿ ಎನ್ನುವ ಹದ್ದು ಅರಬ್ಬಿ ಮೂಲದ್ದು, ಕಂದಾಯದ ಕಾಗದಗಳ ಜೊತೆ ನಮ್ಮೂರಿಗೆ ಬಂದದ್ದು. ಆಕಾಶದ ಹದ್ದು ಅಚ್ಚ ನಮ್ಮದೇ. ಹಳೆಗನ್ನಡದಲ್ಲಿ ಪರ್ದು, ತಮಿಳರಿಗೆ ಪರುಂದು. ಒಂದು ಹದ್ದು ಮೀರಬೇಡ ಅನ್ನುತ್ತದೆ. ಇನ್ನೊಂದಕ್ಕೆ ಮೀರುವುದೇ ಕಸುಬು.

ನಮ್ಮ ಮನೆ ಇರುವುದು ತುಮಕೂರಿನಿಂದ ಆಚೆ, ದೇವರಾಯನದುರ್ಗದ ತಪ್ಪಲಿನಲ್ಲಿ. ಒಂದು ನಾಯಿ, ಒಂದು ಬೆಕ್ಕು, ಒಂದು ಹೇಂಟೆ ಮತ್ತು ಅದರ ಸಂಸಾರ. ಕೋಳಿಗಳನ್ನು ತಿನ್ನುವುದಕ್ಕೆ ಅಂತ ಸಾಕಿದ್ದಲ್ಲ. ಮಗಳು ಒಂದೊಂದಕ್ಕೂ ಹೆಸರಿಟ್ಟ ಮೇಲೆ ಆ ಮಾತು ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆಸರಿಟ್ಟ ಮರಿ ಹೋದರೆ ಅದು ಲೆಕ್ಕದಲ್ಲಿ ಒಂದು ಕಮ್ಮಿ ಅಲ್ಲ, ಸಾವು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ಮರುದಿನದಿಂದ ನಾನು ಆಕಾಶ ನೋಡುವುದನ್ನು ಕಲಿತೆ.

ಕಲಿಸಿದ್ದು ಹೇಂಟೆ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುತ್ತವಲ್ಲ, ಮೇಲೆ ನೋಡಬೇಕಾದರೆ ನಮ್ಮ ಹಾಗೆ ಮುಖ ಎತ್ತುವುದಿಲ್ಲ. ಕತ್ತನ್ನು ಓರೆ ಮಾಡಿ, ಒಂದು ಕಣ್ಣನ್ನು ಆಕಾಶಕ್ಕೆ, ಇನ್ನೊಂದನ್ನು ನೆಲಕ್ಕೆ ಕೊಟ್ಟು ಕಲ್ಲಿನ ಹಾಗೆ ನಿಲ್ಲುತ್ತದೆ. ನಾನೂ ಅದೇ ದಿಕ್ಕಿಗೆ ನೋಡಿದರೆ ಮೊದಲು ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಒಂದು ಚುಕ್ಕೆ. ಚುಕ್ಕೆ ದೊಡ್ಡದಾಗುವ ಹೊತ್ತಿಗೆ ಹೇಂಟೆ ಒಂದು ಸದ್ದು ಮಾಡುತ್ತದೆ. ಎಳೆದ, ತೆಳ್ಳಗಿನ, ಬಾಗಿಲ ತಿರುಗಣಿ ಕಿರುಗುಟ್ಟಿದಂಥ ಸದ್ದು. ಮರಿಗಳು ಎಲ್ಲಿದ್ದವೋ ಅಲ್ಲೇ ಮಾಯ. ಎಲೆಯಡಿ, ಕಲ್ಲಿನ ಸಂದಿ, ಅಮ್ಮನ ರೆಕ್ಕೆಯೊಳಗೆ. ಅಲ್ಲಿವರೆಗೆ ಚಿಯ್ಯೋ ಚಿಯ್ಯೋ ಅನ್ನುತ್ತಿದ್ದ ಅಂಗಳದಲ್ಲಿ ಸದ್ದೇ ಇಲ್ಲ. ಬೇಲಿಯಲ್ಲಿ ಮುಂಗುಸಿಯೋ ಬೆಕ್ಕೋ ಕಂಡರೆ ಕೂಗುವ ಧಾಟಿಯೇ ಬೇರೆ. ಕೊಕ್ ಕೊಕ್ ಕೊಕ್ ಕೊಕ್ಕಾಕ್ ಅಂತ ಇಡೀ ಊರಿಗೆ ಕೇಳುವ ಗಲಾಟೆ. ಆಗ ಮರಿಗಳು ಅಡಗುವುದಿಲ್ಲ, ತಲೆ ಎತ್ತಿ ಸುತ್ತ ನೋಡುತ್ತವೆ. ಮೇಲಿನ ಕಳ್ಳನಿಗೆ ಒಂದು ಮಾತು, ಕೆಳಗಿನ ಕಳ್ಳನಿಗೆ ಒಂದು ಮಾತು. ಕೋಳಿಗಳ ಈ ಎರಡು ಕೂಗನ್ನು ರೆಕಾರ್ಡ್ ಮಾಡಿ, ಬೇರೆ ಕೋಳಿಗಳಿಗೆ ಕೇಳಿಸಿ ಪರೀಕ್ಷೆ ಮಾಡಿದ ವಿಜ್ಞಾನಿಗಳಿದ್ದಾರೆ. ಬರೀ ಕೂಗು ಕೇಳಿದರೆ ಸಾಕು, ಆಕಾಶದ್ದಕ್ಕೆ ಅವಿತುಕೊಳ್ಳುತ್ತವೆ, ನೆಲದ್ದಕ್ಕೆ ಕತ್ತು ಎತ್ತಿ ನಿಲ್ಲುತ್ತವೆ. ನಮ್ಮಲ್ಲಿ ಜಾಸ್ತಿ ಮಾತಾಡುವವರನ್ನು ಕೋಳಿಗೆ ಹೋಲಿಸುವುದು ಕೋಳಿಗೆ ಮಾಡುವ ಅವಮಾನ.

ಮಗಳು ಎಲ್ಲೋ ಓದಿಕೊಂಡು ಬಂದಳು. 1937ರಲ್ಲಿ ಲೊರೆನ್ಜ್, ಟಿಂಬರ್ಗನ್ ಅನ್ನುವ ಇಬ್ಬರು ಒಂದು ರಟ್ಟಿನ ಹಕ್ಕಿ ಮಾಡಿ ಬಾತು, ಟರ್ಕಿ ಮರಿಗಳ ತಲೆ ಮೇಲೆ ದಾರದಲ್ಲಿ ಓಡಿಸಿದ್ದರಂತೆ. ಒಂದು ಕಡೆಗೆ ಎಳೆದರೆ ಅದು ಗಿಡ್ಡ ಕತ್ತಿನ ಗಿಡುಗ, ಅದೇ ರಟ್ಟನ್ನು ಹಿಂದುಮುಂದಾಗಿ ಎಳೆದರೆ ಉದ್ದ ಕತ್ತಿನ ಹೆಬ್ಬಾತು. ನಾವೂ ಮಾಡೋಣ ಅಪ್ಪ ಅಂದಳು. ಫ್ರಿಜ್ಜಿನ ಡಬ್ಬದ ರಟ್ಟು ಕತ್ತರಿಸಿ, ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿ ಎಳೆದೆವು. ಮೊದಲ ದಿನ ಹೇಂಟೆ ಕಿರುಗುಟ್ಟಿತು, ಮರಿಗಳು ಓಡಿದವು, ನಾವು ಚಪ್ಪಾಳೆ ಹೊಡೆದೆವು. ಎರಡನೇ ದಿನ ಹೇಂಟೆ ಓರೆಗಣ್ಣಲ್ಲಿ ನೋಡಿ ಸುಮ್ಮನಾಯಿತು. ಮೂರನೇ ದಿನ ಮಧ್ಯಾಹ್ನದ ಬಿಸಿಲಿಗೆ ಇಡೀ ಸಂಸಾರ ಆ ರಟ್ಟಿನ ನೆರಳಲ್ಲೇ ಮಣ್ಣು ಮೈಮೇಲೆ ಎರಚಿಕೊಳ್ಳುತ್ತಾ ಕೂತಿತ್ತು.

ಹೊಲಗಳಲ್ಲಿ ಕಟ್ಟುವ ಹಳೇ ಸೀಡಿಗಳ ಕಥೆಯೂ ಇಷ್ಟೇ. ಒಂದು ವಾರ ಮಿಂಚುತ್ತವೆ, ಹದ್ದು ದೂರ ಇರುತ್ತದೆ. ಆಮೇಲೆ ಅದಕ್ಕೂ ಗೊತ್ತಾಗುತ್ತದೆ, ಇದರಲ್ಲಿ ಹಾಡೂ ಇಲ್ಲ, ಅಪಾಯವೂ ಇಲ್ಲ ಅಂತ. ಜಾಗ ಬದಲಾಯಿಸುತ್ತಾ ಇದ್ದರೆ ಇನ್ನೊಂದು ವಾರ ಸಿಗುತ್ತದೆ.

ನಮ್ಮಜ್ಜಿಯ ಕಾಲದಲ್ಲಿ ಸೀಡಿ ಎಲ್ಲಿ? ಅವರು ಮರಿಗಳಿಗೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು. ಹಬ್ಬಕ್ಕೆ ತಂದ ಬಣ್ಣದ ಪುಡಿಯಲ್ಲಿ ಉಳಿದಿದ್ದನ್ನು ನೀರಲ್ಲಿ ಕದಡಿ, ಒಂದೊಂದೇ ಮರಿಯ ಬೆನ್ನಿಗೆ ಬಟ್ಟೆಯಲ್ಲಿ ಒತ್ತುವುದು. "ಇದೇನೋ ಬೇರೆ ಪದಾರ್ಥ ಅಂದ್ಕೊಂಡು ಹೋಯ್ತದೆ ಕಣ್ಲಾ" ಅನ್ನುತ್ತಿದ್ದರು. ಅಜ್ಜಿಗೆ ಹದ್ದಿನ ಮೇಲೆ ಎಷ್ಟು ಸಿಟ್ಟೋ ಗರುಡನ ಮೇಲೆ ಅಷ್ಟೇ ಭಕ್ತಿ. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ, ಬಿಳಿ ಎದೆ ಕಂಡರೆ ಕೈ ಮುಗಿಯಬೇಕು. ಕಂದು ಮೈ, ಕವಲು ಬಾಲ ಕಂಡರೆ ಕಲ್ಲು ಬೀಸಬೇಕು. ಪಕ್ಷಿಶಾಸ್ತ್ರ ಓದದೆಯೇ ಅವರಿಗೆ ಎರಡರ ವ್ಯತ್ಯಾಸ ಸರಿಯಾಗಿ ಗೊತ್ತಿತ್ತು. ಆದರೆ ಗರುಡನಿಗೂ ಕೋಳಿಮರಿ ರುಚಿಯೇ ಅಲ್ವಾ? ಒಂದು ದಿನ ಅಜ್ಜಿ ಕೆನ್ನೆ ಬಡಿದುಕೊಂಡು ನಮಸ್ಕಾರ ಮಾಡುತ್ತಿದ್ದ ಹಾಗೇ ಸ್ವಾಮಿ ಇಳಿದು ಬಂದು, ಅದೂ ಗುಲಾಬಿ ಬಣ್ಣದ್ದನ್ನೇ ಆರಿಸಿ ಎತ್ತಿಕೊಂಡಿತು. ಮುಗಿದ ಕೈ ಬಿಚ್ಚುವ ಹಾಗಿಲ್ಲ, ಬಾಯಿ ಮುಚ್ಚುವ ಹಾಗಿಲ್ಲ. "ಅಯ್ಯೋ ನಿನ್ ಮನೆ ಹಾಳಾಗ, ನನ್ನಪ್ಪನೇ" ಅಂದರು. ಬೈಗುಳ ಮತ್ತು ಪ್ರಾರ್ಥನೆ ಒಂದೇ ಉಸಿರಿನಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯೋಚಿಸಿದರೆ ನಮ್ಮ ಕೋಳಿ ತಿನ್ನುವವರೆಲ್ಲ ದೇವರ ಕಡೆಯವರೇ. ಗರುಡ ವಿಷ್ಣುವಿನ ವಾಹನ. ಹಾವು ಶಿವನ ಕೊರಳಲ್ಲಿ. ಮುಂಗುಸಿ ಬೆಳಿಗ್ಗೆ ಎದುರಾದರೆ ಒಳ್ಳೇ ಶಕುನ. ಹುಲಿ ಅಂತೂ ಮಾದಪ್ಪನ ಸವಾರಿ, ಚಿರತೆ ಅದರ ತಮ್ಮ. ಕೋಳಿಗೂ ಸುಬ್ರಹ್ಮಣ್ಯನ ಬಾವುಟದಲ್ಲಿ ಒಂದು ಜಾಗ ಇದೆ ನಿಜ. ಆದರೆ ಅಲ್ಲೂ ಪಕ್ಕದಲ್ಲೇ ಹಾವು.

ಕೋಳಿ ಕಡೆಗೆ ನಿಂತ ಒಬ್ಬನೇ ಒಬ್ಬ ಅಂದರೆ ಕಾಜಾಣ. ಕಪ್ಪು ಮೈ, ಸೀಳು ಬಾಲ, ತೂಕ ಐವತ್ತು ಗ್ರಾಂ ಇದ್ದರೆ ಹೆಚ್ಚು. ನಮ್ಮ ಬೇವಿನ ಮರದಲ್ಲಿ ಅದು ಗೂಡು ಕಟ್ಟಿದ ಎರಡು ತಿಂಗಳು ನನಗೆ ರಜೆ ಸಿಕ್ಕಂತಾಯಿತು. ಹದ್ದು ಬಂತೋ, ಕಾಜಾಣ ಅದರ ಬೆನ್ನ ಮೇಲೆಯೇ ಹೋಗಿ ಕುಟುಕುತ್ತದೆ. ಮುಕ್ಕಾಲು ಕೇಜಿ ಮೈಯ, ನಾಲ್ಕೂವರೆ ಅಡಿ ರೆಕ್ಕೆಯ ಹದ್ದು, ಬೀದಿನಾಯಿ ಅಟ್ಟಿಸಿಕೊಂಡು ಬಂದ ದೊಡ್ಡ ಮನುಷ್ಯನ ಹಾಗೆ ಮಾನ ಉಳಿಸಿಕೊಳ್ಳುತ್ತಾ ಬೇಗ ಬೇಗ ಹೊರಟುಹೋಗುತ್ತದೆ. ಕಾಜಾಣ ಇದನ್ನು ನಮಗಾಗಿ ಮಾಡುವುದಿಲ್ಲ, ತನ್ನ ಗೂಡಿಗಾಗಿ. ಆದರೂ ಆ ಮರದ ರೆಂಬೆ ಕಡಿಯಬೇಕು ಅಂದವರಿಗೆ ನಾನು ಈ ವರ್ಷ ಬೇಡ ಅಂದೆ.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿರುವ ನನ್ನ ತಂಗಿಗೆ ಬೇರೆ ಥರದ ಭಯ. ಅವಳ ನಾಯಿಮರಿ ಮೂರು ಕೇಜಿ. ಹದ್ದು ಎತ್ತಿಕೊಂಡು ಹೋಗುತ್ತೇನೋ ಅಂತ ಟೆರೇಸಿಗೆ ಛತ್ರಿ ಹಿಡಿದುಕೊಂಡೇ ಹೋಗುತ್ತಾಳೆ. ಹದ್ದು ತನ್ನ ತೂಕದಷ್ಟನ್ನೂ ಎತ್ತಿಕೊಂಡು ಹಾರಲಾರದು ಕಣೆ ಅಂತ ಎಷ್ಟು ಹೇಳಿದರೂ ನಂಬುವುದಿಲ್ಲ. ಅವಳ ಪಕ್ಕದ ಮನೆಯವರ ಮೊಲದ ಮರಿ, ಬಿಳಿ ಇಲಿಗಳಿಗಾದರೆ ಆ ಭಯ ನ್ಯಾಯವೇ. ಅವನ್ನು ಮೇಲೆ ಮುಚ್ಚಳ ಇಲ್ಲದ ಪಂಜರದಲ್ಲಿ ಬಿಸಿಲಿಗೆ ಇಟ್ಟರೆ ತಟ್ಟೆಯಲ್ಲಿ ಬಡಿಸಿದ ಹಾಗೆ. ಕೆಲವರು ಮನೆಯಲ್ಲಿ ಉಳಿದ ಮಾಂಸದ ಚೂರುಗಳನ್ನು ಟೆರೇಸಿನಿಂದ ಹದ್ದುಗಳಿಗೆ ಎಸೆಯುತ್ತಾರೆ. ಊಟಕ್ಕೆ ಕರೆದು ಆಮೇಲೆ ಯಾಕೆ ಬಂದೆ ಅಂದರೆ ಹೇಗೆ?

ಹಗಲು ಹೀಗೆ. ರಾತ್ರಿ ಪಾಳಿಯವರು ಬೇರೆ. ಪುನುಗು ಬೆಕ್ಕು, ಕಾಡುಬೆಕ್ಕು, ಹೆಗ್ಗಣ, ಹಾವು. ಕೋಳಿಗೂಡಿಗೆ ನಾನು ಮೊದಲು ಹಾಕಿಸಿದ್ದು ಅಂಗಡಿಯಲ್ಲಿ ಕೋಳಿ ಜಾಲರಿ ಅಂತಲೇ ಮಾರುವ ಆರು ಮೂಲೆ ಕಣ್ಣಿನ ತಂತಿ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಒಳಗೆ ಬರುವವರನ್ನಲ್ಲ. ಒಂದು ಬೆಳಿಗ್ಗೆ ತಂತಿಯಲ್ಲಿ ಮುಷ್ಟಿ ಗಾತ್ರದ ಕಂಡಿ, ಎರಡು ಮರಿ ಇಲ್ಲ. ಇನ್ನೊಂದು ಬೆಳಿಗ್ಗೆ ಗೋಡೆಯ ಬುಡದಲ್ಲಿ ಹೆಗ್ಗಣದ ಬಿಲ, ಮತ್ತೆ ಎರಡು ಇಲ್ಲ. ಆಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಲರಿ ತಂದೆ. ಅದನ್ನು ಒಂದು ಅಡಿ ನೆಲದೊಳಕ್ಕೆ ಹೂತು, ಮೇಲೆ ಶೀಟು ಹಾಕಿ, ಚಿಲಕಕ್ಕೆ ಕೊಕ್ಕೆ ಸಿಕ್ಕಿಸಿದೆ. ಇಷ್ಟಕ್ಕೆ ಆದ ಖರ್ಚಿನಲ್ಲಿ ಎಷ್ಟು ಕೋಳಿ ಬರುತ್ತಿದ್ದವು ಅಂತ ಲೆಕ್ಕ ಹಾಕಿದವರಿದ್ದಾರೆ. ಅವರಿಗೆ ಮಗಳ ಮುಂದೆ ಆ ಲೆಕ್ಕ ಹೇಳಬೇಡಿ ಅಂದೆ.

ನಮ್ಮ ಬೆಕ್ಕಿನ ವಿಷಯಕ್ಕೆ ಬಂದರೆ ನನಗೆ ಬಾಯಿಲ್ಲ. ಕಾಡುಬೆಕ್ಕಿನ ಭಯಕ್ಕೆ ಸಂಜೆ ಆರಕ್ಕೆ ಒಳಗೆ ಹಾಕಿ ಬಾಗಿಲು ಹಾಕುತ್ತೇವೆ. ಅದೇ ಬೆಕ್ಕು ಬೆಳಿಗ್ಗೆ ಓತಿಕ್ಯಾತನ ಬಾಲ, ಅಳಿಲಿನ ಮರಿ ತಂದು ಚಾಪೆ ಮೇಲೆ ಇಡುತ್ತದೆ. ಅಳಿಲಿನ ಮನೆಯಲ್ಲೂ ಯಾರಾದರೂ ನಮ್ಮ ಮನೆ ಕಡೆ ಬೆರಳು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿರಬೇಕು.

ನಾಯಿ ಕಥೆ ಇಷ್ಟು ಹಗುರ ಅಲ್ಲ. ತುಮಕೂರು, ಮಂಡ್ಯ, ಮೈಸೂರು ಕಡೆ ಹಳ್ಳಿಯಲ್ಲಿ ನಾಯಿ ಕಾಣೆಯಾದರೆ ಜನ ಮೊದಲು ನೋಡುವುದು ಹೆಜ್ಜೆ ಗುರುತು. ಮಹಾರಾಷ್ಟ್ರದ ಅಕೋಲೆಯಲ್ಲಿ ಹೊಲಗದ್ದೆಗಳ ನಡುವೆಯೇ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷೆ ಮಾಡಿದ್ದರು. ಅವು ತಿಂದದ್ದರಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 39 ನಾಯಿ, ಶೇಕಡಾ 15 ಬೆಕ್ಕು. ಅರ್ಧಕ್ಕಿಂತ ಜಾಸ್ತಿ ಮನೆಮುಂದಿನ ಪ್ರಾಣಿಗಳೇ. ಚಿರತೆ ಹಿಡಿಯುವುದು ಕುತ್ತಿಗೆಗೆ. ಹಿಮಾಲಯದ ಕುರಿಗಾಹಿಗಳು ಅದಕ್ಕೇ ನಾಯಿ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ನಾನೂ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾಡಿಸಿದೆ. ನಮ್ಮ ನಾಯಿ ಪ್ರೀತಿ ತೋರಿಸುವುದು ಕಾಲಿಗೆ ಕುತ್ತಿಗೆ ಉಜ್ಜಿ. ಒಂದೇ ದಿನದಲ್ಲಿ ನನ್ನ ಎರಡು ಪ್ಯಾಂಟು, ಸ್ಕೂಟರಿನ ಪೇಂಟು, ಹೆಂಡತಿಯ ಮೊಣಕಾಲು ಹೋಯಿತು. ಪಟ್ಟಿ ಈಗ ಅಟ್ಟದ ಮೇಲಿದೆ. ನಾಯಿ ರಾತ್ರಿ ಹಜಾರದಲ್ಲಿ ಮಲಗುತ್ತದೆ. ಮನೆ ಕಾಯಲಿ ಅಂತ ನಾಯಿಯನ್ನು ಹೊರಗೆ ಸರಪಳಿಯಲ್ಲಿ ಕಟ್ಟಿಹಾಕುವುದು ಎಂಥ ಕೆಲಸ ಅಂತ ನನಗೆ ಅರ್ಥವಾದದ್ದು, ಅರಣ್ಯ ಇಲಾಖೆಯವರು ಚಿರತೆಗೆ ಇಟ್ಟ ಬೋನು ನೋಡಿದಾಗ. ಅದರ ಒಳಗಿನ ಖಾನೆಯಲ್ಲೂ ಒಂದು ನಾಯಿಯನ್ನೇ ಕಟ್ಟಿದ್ದರು. ವ್ಯತ್ಯಾಸ ಇಷ್ಟೇ, ಅದಕ್ಕೆ ಸುತ್ತ ಕಬ್ಬಿಣದ ಸರಳಿತ್ತು.

ನಡುರಾತ್ರಿ ಕೆಲವೊಮ್ಮೆ ನಮ್ಮ ನಾಯಿ ಎದ್ದು, ಬೊಗಳದೆ, ಬಾಗಿಲಿನ ಸಂದಿಗೆ ಮೂಗಿಟ್ಟು ನಿಲ್ಲುತ್ತದೆ. ಬೆನ್ನ ಕೂದಲು ನೆಟ್ಟಗೆ. ನಾನೂ ಎದ್ದು ಕೂರುತ್ತೇನೆ. ಹೊರಗೆ ಏನೂ ಕೇಳುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದು ನಿಟ್ಟುಸಿರು ಬಿಟ್ಟು ಮಲಗುತ್ತದೆ. ಬೆಳಿಗ್ಗೆ ನಾನು ಮೂಲೆಯ ಹದ್ದಿನ ಕಲ್ಲಿನ ಹತ್ತಿರ ಹೋಗಿ ಧೂಳು ನೋಡಿ ಬರುತ್ತೇನೆ. ಎರಡು ಸಲ ಹೆಜ್ಜೆ ಸಿಕ್ಕಿದೆ. ಉಗುರಿನ ಗುರುತಿಲ್ಲದ, ದುಂಡನೆಯ ಹೆಜ್ಜೆ. ಕಲ್ಲನ್ನು ಬಳಸಿಕೊಂಡು ಹೋಗಿತ್ತು. ಮನೆಯಲ್ಲಿ ಹೇಳಲಿಲ್ಲ.

ಊರಿನಿಂದ ಅವ್ವ ದಿನಾ ಏಳು ಗಂಟೆಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ "ಕೋಳಿ ಮುಚ್ಚಿದ್ಯಾ?" ಊಟ, ಮೈಗೆ ಹುಷಾರು, ಮಗಳ ಓದು ಎಲ್ಲ ಆಮೇಲೆ. ಹೋದ ವಾರ "ಮುಚ್ಚಿದೆ ಕಣವ್ವ, ಐದು" ಅಂದೆ.

"ನೆನ್ನೆ ಆರು ಅಂದಿದ್ದೆ."

ಟಾರ್ಚ್ ಹಿಡಿದುಕೊಂಡು ಹೊರಟೆ. ಗೂಡಿನ ಹಿಂದೆ ಇಲ್ಲ, ಹಾಗಲ ಚಪ್ಪರದಲ್ಲಿ ಇಲ್ಲ, ಸೌದೆ ರಾಶಿಯಲ್ಲಿ ಇಲ್ಲ. ಮಗಳು ಹೆಸರು ಹಿಡಿದು ಕರೆಯುತ್ತಾ ಹಿಂದೆ ಬಂದಳು. ಕೊನೆಗೆ ಸೀಬೆ ಮರದ ಎಲೆಗಳ ನಡುವೆ ಎರಡು ಹಳದಿ ಕಾಲು ಕಂಡವು. ಮಾಗಿಯ ಮರಿ ಈಗ ಬೆಳೆದ ಕೋಳಿ, ಹದ್ದು ಎತ್ತುವ ಗಾತ್ರ ದಾಟಿದೆ. ಗೂಡು ಬೇಡ ಅಂತ ತಾನೇ ತೀರ್ಮಾನ ಮಾಡಿ ಹತ್ತು ಅಡಿ ಮೇಲಿನ ರೆಂಬೆ ಹಿಡಿದಿದೆ. ಬೆಳಕು ಬಿದ್ದಾಗ ಒಂದು ಕಣ್ಣು ಅರ್ಧ ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಿತು.

"ಸಿಕ್ತೇನೋ?" ಅಂತ ಅವ್ವ ಫೋನಿನಲ್ಲಿ ಕೇಳುತ್ತಲೇ ಇದ್ದರು. ಬೆಟ್ಟದ ಕಡೆಯಿಂದ ಗೂಬೆಯೊಂದು ಕೂಗಿತು. ಮಗಳು ಏಣಿ ತರಲು ಓಡಿದಳು.