ಓದುಗನಿಗೆ ಬಡ್ತಿ

ಓದುಗನೆಂಬ ಬಡಪಾಯಿಗೆ ಕೊನೆಗೂ ಬಡ್ತಿ ಸಿಕ್ಕಿದೆ. ಇಂಟರ್ನೆಟ್ಟಿನ ದಯೆಯಿಂದ ಅವನೀಗ ವಿಮರ್ಶಕ, ಸಂಪಾದಕ, ಪ್ರಕಾಶಕ, ವಿತರಕ, ಪುರುಸೊತ್ತಿದ್ದರೆ ನ್ಯಾಯಾಧೀಶ. ಇಷ್ಟು ಹುದ್ದೆ ಹೆಗಲೇರಿದ ಮೇಲೆ ಓದು ಎಂಬ ಗುಮಾಸ್ತಗಿರಿ ಮಾಡುತ್ತಾ ಕೂರಲು ಸಾಧ್ಯವೇ?

ಹಿಂದೆ ಅವನ ಅಧಿಕಾರವೆಲ್ಲ ಐವತ್ತು ಪೈಸೆಯ ಪೋಸ್ಟ್ ಕಾರ್ಡಿನೊಳಗೆ ಮುಗಿಯುತ್ತಿತ್ತು. ಪೇಪರಿನಲ್ಲಿ ಬಂದ ಲೇಖನ ಸರಿಬರದಿದ್ದರೆ 'ಮಾನ್ಯರೇ' ಎಂದು ಶುರುಮಾಡಿ, ಜಾಗ ಸಾಲದೆ ಅಂಚಿಗೂ ಅಡ್ಡಡ್ಡ ಗೀಚಿ 'ವಾಚಕರ ವಾಣಿ'ಗೆ ಕಳಿಸುತ್ತಿದ್ದ. ಅಚ್ಚಾಗುತ್ತದೋ ಕಸದ ಬುಟ್ಟಿಗೋ ಎಂದು ಕಾಯುವಷ್ಟರಲ್ಲಿ ಸಿಟ್ಟೇ ಇಳಿದಿರುತ್ತಿತ್ತು. ಮೇಲಾಗಿ, ಕಾರ್ಡು ತುಂಬಬೇಕೆಂದರೆ ಲೇಖನ ಓದಲೇಬೇಕಿತ್ತು. ಎಂಥ ದಬ್ಬಾಳಿಕೆ!

ಈಗ ತಲೆಬರಹ ಕಂಡರೆ ಸಾಕು, ತೀರ್ಪು ಸಿದ್ಧ. 2020ರಲ್ಲಿ ಟ್ವಿಟರ್‌ನವರು, ಲೇಖನ ತೆರೆಯದೆ ಹಂಚಲು ಹೊರಟವರನ್ನು ತಡೆದು 'ಮೊದಲು ಓದ್ತೀರಾ?' ಎಂದು ಕೇಳುವ ವ್ಯವಸ್ಥೆ ಮಾಡಿದರು. ಊಟಕ್ಕೆ ಕೂತವನನ್ನು 'ಬಾಯಿ ತೆರೀತೀರಾ?' ಎಂದು ಕೇಳಿದ ಹಾಗೆ. ಅದಕ್ಕೂ ಮುಂಚೆ, 2018ರ ಜುಲೈಯಲ್ಲಿ, ಭಾರತದವರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ವಾಟ್ಸಾಪ್ ಕಟ್ಟು ಹಾಕಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ನಂಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕನೊಬ್ಬನನ್ನು ಹೊಡೆದು ಕೊಂದದ್ದು ಅದೇ ತಿಂಗಳು. ಇಲ್ಲಿ ನನಗೂ ನಗೆ ಬರುವುದಿಲ್ಲ. ಆದರೆ ನಮ್ಮ ವಿತರಕರು ಎದೆಗುಂದಲಿಲ್ಲ. ಐದು ಐದರಂತೆ ಹತ್ತು ಸಲ ಒತ್ತಿ ಕರ್ತವ್ಯ ಮೆರೆದರು. ಕೊನೆಗೆ 'ಬಂದದ್ದನ್ನು ಕಳಿಸಿದೆ, ಸತ್ಯವೋ ಸುಳ್ಳೋ ಗೊತ್ತಿಲ್ಲ' ಎಂದು ಕೈಮುಗಿಯುವ ಚಿತ್ರ ಬೇರೆ.

ಸಾಹಿತ್ಯಾಸಕ್ತರ ವಿಷಯಕ್ಕೆ ಬರೋಣ. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದರು. ಇವತ್ತು ಬಂದಿದ್ದರೆ ಗಂಟು ಇಳಿಸುವ ಮೊದಲೇ ಕೇಳುತ್ತಿದ್ದೆವು: 'ಪಿಡಿಎಫ್ ಇದ್ರೆ ಹಾಕಿ ಸರ್.'

ಪಿಡಿಎಫ್ ಸಿಕ್ಕರೆ ಓದುತ್ತಾರೆಯೇ? ಒಬ್ಬ ಕತೆಗಾರರು ವಾಟ್ಸಾಪ್ ಗುಂಪಿಗೆ ತಮ್ಮ ಹೊಸ ಕತೆ ಹಾಕಿದರು. ಅರ್ಧ ನಿಮಿಷದೊಳಗೆ ಚಪ್ಪಾಳೆ ಶುರು. 'ಮನ ಮುಟ್ಟಿತು ಸರ್.' 'ನಮ್ಮೂರಿನ ಕತೆಯೇ ಅನ್ನಿಸಿತು.' 'ಕೊನೆಗೆ ಕಣ್ಣಲ್ಲಿ ನೀರು ಬಂತು.' ಒಬ್ಬರು ಮಾತ್ರ ಭಾಷೆ ಸ್ವಲ್ಪ ಬಿಗಿಯಾಗಬೇಕಿತ್ತು ಎಂದು ಆಕ್ಷೇಪಿಸಿದರು. ವಿಮರ್ಶಕರು ಎಲ್ಲ ಕಾಲಕ್ಕೂ ಇರುತ್ತಾರೆ. ಆಮೇಲೆ ಕತೆಗಾರರೇ ಫೈಲು ತೆರೆದು ನೋಡಿದರೆ, ಕೈತಪ್ಪಿ ಹೋಗಿದ್ದು ಅವರ ಮನೆಯ ಕರೆಂಟ್ ಬಿಲ್ಲು! ಅದರ ಮೊತ್ತ ನೋಡಿದ್ದರೆ ಕಣ್ಣೀರಿನ ಮಾತಾದರೂ ನಿಜವಾಗುತ್ತಿತ್ತು.

ಅಳಿಸೋಣವೆಂದು ಅವರು ಬೆರಳಿಡುವ ಹೊತ್ತಿಗೆ ಅಭಿಮಾನಿಯೊಬ್ಬರು ಕೇಳಿದ್ದರು: 'ಮುಂದಿನ ಭಾಗ ಯಾವಾಗ ಸರ್?'

'ಮುಂದಿನ ತಿಂಗಳು,' ಎಂದು ಬರೆದರು ಕತೆಗಾರರು, 'ಮೀಟರ್ ರೀಡರ್ ಬಂದುಹೋದ ಮೇಲೆ.'

ಅದಕ್ಕೂ ಹನ್ನೊಂದು ಹೆಬ್ಬೆಟ್ಟು ಬಿತ್ತು.